ಚೊಗರಿನಲ್ಲಿ ಹುಟ್ಟಿದ ಚಿನ್ನದ ಹರಳು

"ಪ್ರಯೋಗ ನಿನ್ನ ಕೈಯಾಗೆ ಮಾತ್ರ ಆಗ್ತೈತೆ ಅಂದ್ರೆ ಅದನ್ನ ವಿಜ್ಞಾನ ಅನ್ನಾಕೆ ಬರಲ್ಲಮ್ಮ, ಕೈಗುಣ ಅಂತಾರೆ" ಎಂದು ನನ್ನ ಮಾರ್ಗದರ್ಶಕರು ಹೇಳಿದ್ದು ನವೆಂಬರ್ ತಿಂಗಳ ಒಂದು ಶನಿವಾರ. ಅವರ ಮೇಜಿನ ಮೇಲೆ ನನ್ನ ಮಹಾಪ್ರಬಂಧದ ಕರಡು ಇತ್ತು. ಅದಕ್ಕೆ ಸಹಿ ಹಾಕಲು ಅವರದು ಒಂದೇ ಷರತ್ತು. ಅವರ ಪ್ರಯೋಗಾಲಯದಲ್ಲೇ ಇದ್ದ ಇನ್ನೊಬ್ಬ ಕಿರಿಯ ಸಂಶೋಧಕ ನನ್ನ ವಿಧಾನವನ್ನು ಮೊದಲಿಂದ ಕೊನೆಯವರೆಗೆ, ನನ್ನ ಸಹಾಯವಿಲ್ಲದೆ, ನನ್ನ ಸಾಮಗ್ರಿ ಮುಟ್ಟದೆ ಒಮ್ಮೆ ಮಾಡಿ ತೋರಿಸಬೇಕು. ವಿಶ್ವವಿದ್ಯಾಲಯ ನನಗೆ ಕೊಟ್ಟಿದ್ದ ಕೊನೆಯ ವಿಸ್ತರಣೆ ಮಾರ್ಚ್ ಕೊನೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಸಹಿ ಬೀಳದಿದ್ದರೆ ನೋಂದಣಿ ರದ್ದು, ಆರು ವರ್ಷದ ಕೆಲಸ ನೀರುಪಾಲು.

ನಾನು ನಕ್ಕುಬಿಟ್ಟೆ. ನನ್ನ ವಿಧಾನ ಎಷ್ಟು ಸಲೀಸಾಗಿತ್ತೆಂದರೆ, ಕಾಫಿ ಮಾಡಲು ಗೊತ್ತಿದ್ದವರು ಅದನ್ನೂ ಮಾಡಬಹುದಿತ್ತು. "ಒಂದಲ್ಲ, ಹತ್ತು ಸಲ ಮಾಡಿಸಿ ಸಾರ್" ಎಂದು ಬಂದೆ. ಈಗ ಆ ಮಾತು ನೆನೆಸಿಕೊಂಡರೆ ನನಗೇ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ನಾನು ಚನ್ನಗಿರಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಪಾಠ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ನಡೆಸಿದ ಸಂಶೋಧನೆ ಇದು. ಚಿನ್ನದ ಲವಣವನ್ನು ನೀರಿನಲ್ಲಿ ಕರಗಿಸಿದರೆ ತಿಳಿ ಹಳದಿ ದ್ರಾವಣವಾಗುತ್ತದೆ. ಅದರೊಳಗಿನ ಚಿನ್ನವನ್ನು ಮತ್ತೆ ಲೋಹವಾಗಿ, ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಾಗಿ ಹೊರಗೆ ತರಬೇಕು. ಸಾಮಾನ್ಯವಾಗಿ ಇದಕ್ಕೆ ಬಳಸುವ ರಾಸಾಯನಿಕಗಳು ಕಟುವಾದವು. ಕೆಲಸ ಮುಗಿದ ಮೇಲೆ ಆ ತ್ಯಾಜ್ಯವನ್ನು ಎಲ್ಲಿ ಚೆಲ್ಲುವುದು ಎನ್ನುವುದೇ ದೊಡ್ಡ ತಲೆನೋವು. ನಾನು ಅವುಗಳ ಬದಲು ಚೊಗರು ಹಿಡಿದೆ. ಹಸಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕಂದು ಬಣ್ಣದ ಗಟ್ಟಿ ನೀರು ಅದು, ಬಾಯಿಗೆ ಹಾಕಿದರೆ ನಾಲಿಗೆ ಮರಗಟ್ಟಬೇಕು. ಆ ಒಗರಿಗೆ ಕಾರಣವಾದ ಟ್ಯಾನಿನ್ನುಗಳೇ ಚಿನ್ನವನ್ನು ಲವಣದಿಂದ ಬಿಡಿಸುತ್ತವೆ. ಅಷ್ಟು ಸಣ್ಣದಾದಾಗ ಚಿನ್ನ ಹಳದಿಯಾಗಿರುವುದಿಲ್ಲ, ನೀರನ್ನು ಕೆಂಪಗೋ ನೇರಳೆಗೋ ತಿರುಗಿಸುತ್ತದೆ.

ಆ ಹರಳುಗಳಿಂದ ನನಗೆ ಎರಡು ಕೆಲಸ ಆಗಬೇಕಿತ್ತು. ಒಂದು, ಕುಡಿಯುವ ನೀರಿನಲ್ಲಿ ಫ್ಲೋರೈಡ್ ಇದೆಯೇ ಎಂದು ಬಣ್ಣದಿಂದಲೇ ಹೇಳುವುದು. ಚಿನ್ನದ ಕೆಂಪು ನೀರಿಗೆ ಒಂದಿಷ್ಟು ಅಲ್ಯೂಮಿನಿಯಂ ಲವಣ ಹಾಕಿದರೆ ಹರಳುಗಳು ಒಂದಕ್ಕೊಂದು ಅಂಟಿಕೊಂಡು ಬಣ್ಣ ನೀಲಿಯಾಗುತ್ತದೆ. ಪರೀಕ್ಷೆಯ ನೀರಿನಲ್ಲಿ ಫ್ಲೋರೈಡ್ ಇದ್ದರೆ ಅದು ಅಲ್ಯೂಮಿನಿಯಂ ಅನ್ನು ಮೊದಲೇ ಹಿಡಿದುಕೊಂಡುಬಿಡುತ್ತದೆ, ಕೆಂಪು ಕೆಂಪಾಗಿಯೇ ಉಳಿಯುತ್ತದೆ. ನನ್ನ ತವರು ಜಗಳೂರು ತಾಲ್ಲೂಕಿನ ಬಿಳಿಚೋಡು. ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಗೀಟುಗಳಿವೆ, ನನ್ನ ಜೊತೆ ಓದಿದವರಲ್ಲಿ ಅನೇಕರಿಗೂ ಇವೆ. ಆದ್ದರಿಂದ ಈ ವಿಷಯ ಯಾಕೆ ಆರಿಸಿಕೊಂಡೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಎರಡನೆಯದು ವೇಗವರ್ಧನೆ. ಕಾರ್ಖಾನೆಯ ಕೊಳಕು ನೀರಿನಲ್ಲಿರುವಂಥ ಒಂದು ಹಳದಿ ವಿಷವಸ್ತುವನ್ನು ಈ ಹರಳುಗಳ ಸಹಾಯದಿಂದ ಬೇಗ ಬೇರೆ ವಸ್ತುವಾಗಿಸುವುದು. ಅದು ನಡೆಯುತ್ತಿದ್ದ ಹಾಗೆ ಹಳದಿ ಮಾಯವಾಗುತ್ತಾ ಬರುತ್ತದೆ.

ನನ್ನ ಹೆಮ್ಮೆಯಿದ್ದದ್ದು ವೇಗದಲ್ಲಿ. ಬೇರೆಯವರು ಎಲೆ, ತೊಗಟೆ, ಹೂವಿನ ರಸ ಹಾಕಿ ಗಂಟೆಗಟ್ಟಲೆ ಕಾಯುತ್ತಾರೆ. ನನ್ನ ಚೊಗರು ಬಿದ್ದ ತಕ್ಷಣ, ರೆಪ್ಪೆ ಬಡಿಯುವುದರೊಳಗೆ, ಹಳದಿ ಹೋಗಿ ಗಾಢ ನೇರಳೆ ಬರುತ್ತಿತ್ತು. "ಅಡಿಕೆ ಚೊಗರಿನ ಹೊರತು ಬೇರೇನೂ ಬಳಸದ ಅತಿ ಶೀಘ್ರ ವಿಧಾನ" ಎಂದು ಕರಡಿನ ಮೊದಲ ಪುಟದಲ್ಲೇ ಬರೆದುಕೊಂಡಿದ್ದೆ.

ಕಿರಿಯ ಸಂಶೋಧಕ ನ್ಯಾಮತಿ ಕಡೆಯವನು. ಮಾತು ಕಡಿಮೆ, ಕೈ ನಿಧಾನ. ಅವನು ತನ್ನೂರಿನ ಹತ್ತಿರ ಅಡಿಕೆ ಬೇಯಿಸುವ ಕಣವೊಂದರಿಂದ ಚೊಗರು ತಂದು, ನಾನು ಬರೆದಂತೆಯೇ ಸೋಸಿ, ಅಷ್ಟೇ ನೀರು ಬೆರೆಸಿ, ಚಿನ್ನದ ದ್ರಾವಣಕ್ಕೆ ಹಾಕಿದ. ಅರ್ಧ ಗಂಟೆಯಾದರೂ ಏನೂ ಆಗಲಿಲ್ಲವೆಂದು ಫೋನ್ ಮಾಡಿದ. ಗಾಜು ಸರಿಯಾಗಿ ತೊಳೆದಿರಲಿಕ್ಕಿಲ್ಲ ಎಂದೆ. ಮತ್ತೆ ತೊಳೆದು ಮಾಡಿದ, ಮತ್ತೆ ಏನೂ ಇಲ್ಲ. ಮೂರನೆಯ ಫೋನಿಗೆ ನನ್ನ ತಾಳ್ಮೆ ತೀರಿತ್ತು. ಎಂ.ಎಸ್ಸಿ. ಹೆಂಗೆ ಪಾಸಾದ್ರಿ ನೀವು ಎಂದು ಕೇಳಿಯೇಬಿಟ್ಟೆ.

ಮುಂದಿನ ಶನಿವಾರ ಅವರ ಪ್ರಯೋಗಾಲಯಕ್ಕೆ ನಾನೇ ಹೋದೆ. ತೀಕ್ಷ್ಣ ಆಮ್ಲದಲ್ಲಿ ಗಾಜುಗಳನ್ನು ನನ್ನ ಕೈಯಾರೆ ತೊಳೆದೆ. ಇವನಿಗೆ ಕಲಿಸಿಯೇ ಹೋಗುತ್ತೇನೆ ಎನ್ನುವ ಜಂಬದಲ್ಲಿ ಅವನ ಚೊಗರಿನಿಂದಲೇ ಶುರು ಮಾಡಿದೆ. ಹತ್ತು ನಿಮಿಷ, ಇಪ್ಪತ್ತು, ಅರ್ಧ ಗಂಟೆ. ದ್ರಾವಣ ಮಂಕಾಗಿ ಕಂದಾಗಿತ್ತೇ ಹೊರತು ನೇರಳೆಯ ಸುಳಿವಿರಲಿಲ್ಲ. ಎತ್ತಿ ತ್ಯಾಜ್ಯದ ಬಾಟಲಿಗೆ ಸುರಿದೆ. ಚನ್ನಗಿರಿಯಿಂದ ತಂದಿದ್ದ ನನ್ನ ಚೊಗರು ಹಾಕಿದೆ. ಕ್ಷಣದಲ್ಲಿ ನೇರಳೆ. ಅವನ ಕೈಯಲ್ಲಿ ಮಾಡಿಸಿದರೂ ಕ್ಷಣದಲ್ಲಿ ನೇರಳೆ. ಅಂದರೆ ತಪ್ಪು ಅವನ ಕೈಯದಲ್ಲ, ಅವನ ಚೊಗರಿನದು ಎಂದಾಯಿತು. ಅವನನ್ನು ಬೈದದ್ದಕ್ಕೆ ಆವತ್ತೇ ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ.

ಅಲ್ಲಿಂದ ಮೂರು ವಾರ ಚೊಗರಿನ ಬೆನ್ನು ಹತ್ತಿದೆ. ನೀರಿನ ವ್ಯತ್ಯಾಸವಿರಬಹುದೆಂದು ಹೊಳೆ ನೀರಲ್ಲಿ ಅಡಿಕೆ ಬೇಯಿಸುವ ಹೊನ್ನಾಳಿ ಕಡೆಯ ಕಣಗಳಿಗೆ ಹೋದೆ. ಬೋರ್‌ವೆಲ್ ನೀರು ಬಳಸುವ ಕಡೆಯೂ ಹೋದೆ. ಒಂದು ಸಲ ಬೇಯಿಸಿದ್ದು, ಮೂರು ಸಲ ಅದೇ ನೀರಲ್ಲಿ ಬೇಯಿಸಿ ಗಟ್ಟಿಯಾದದ್ದು, ಎಳೆ ಕಾಯಿಯದು, ಬಲಿತದ್ದು, ಎಲ್ಲ ತಂದೆ. ನನ್ನ ಸ್ಕೂಟರಿನ ಡಿಕ್ಕಿ ತೆಗೆದರೆ ಮೂಗು ಮುಚ್ಚಿಕೊಳ್ಳಬೇಕಾಗಿತ್ತು. ಎಲ್ಲವೂ ಒಂದೇ ಥರ ಮೊಂಡು. ಒಂದು ಮಾತ್ರ ಎಂದೂ ಕೈಬಿಡಲಿಲ್ಲ, ನಾನು ಆರು ವರ್ಷದಿಂದ ತರುತ್ತಿದ್ದ ಕೆರೆಬಿಳಚಿಯ ಕಣದ ಚೊಗರು.

ಆ ಕಣ ನಡೆಸುತ್ತಿದ್ದವರು ಐವತ್ತು ದಾಟಿದ ಒಬ್ಬ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ, ಬೇರೆಯವರ ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿ ವ್ಯವಹಾರವನ್ನು ಒಬ್ಬರೇ ನಿಭಾಯಿಸುತ್ತಿದ್ದರು. ಎಲ್ಲರೂ ಕರೆಯುವಂತೆ ನಾನೂ ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದೆ. ಹೋಗುವ ಹಿಂದಿನ ದಿನ ಫೋನ್ ಮಾಡುತ್ತಿದ್ದೆ. ಮರುದಿನ ಹೋದರೆ ಕುರ್ಚಿ ಹಾಕಿ, ಚಹಾ ಕೊಟ್ಟು, ಒಳಗಿನಿಂದ ಬಾಯಿಗೆ ಬಟ್ಟೆ ಕಟ್ಟಿದ ಒಂದು ತಾಮ್ರದ ಕೊಡ ತಂದು ನನ್ನ ಗಾಜಿನ ಬಾಟಲಿಗಳಿಗೆ ಚೊಗರು ಬಗ್ಗಿಸುತ್ತಿದ್ದರು. ನನ್ನ ಕಣ್ಣೆಲ್ಲ ಬಾಟಲಿಯ ಮೇಲೆ. "ಗಾಜಿನ ಬಾಟಲಿಯಲ್ಲಿ ಸಂಗ್ರಹಿಸಲಾಗಿದೆ" ಎಂದು ಪ್ರತಿ ಸಲವೂ ಶಿಸ್ತಾಗಿ ಬರೆದುಕೊಂಡಿದ್ದೇನೆ.

ಕೆರೆಬಿಳಚಿಯ ಮಣ್ಣಿನಲ್ಲೇ ಏನೋ ಇದೆ ಎಂದು ನಾನು ತೀರ್ಮಾನಿಸಿದೆ. ಮಾರ್ಗದರ್ಶಕರು, ಹಾಗಿದ್ದರೆ ಅವನೂ ಅಲ್ಲಿಂದಲೇ ತರಲಿ ಎಂದರು. ಡಿಸೆಂಬರಿನ ಒಂದು ಭಾನುವಾರ ನಾನು ಬೆಳಿಗ್ಗೆ ಹೋಗಿ ತಂದೆ, ಅವನು ಮಧ್ಯಾಹ್ನ ಬೈಕಿನಲ್ಲಿ ಹೋಗಿ ತಂದ. ಒಂದೇ ಕಣ, ಒಂದೇ ಹಂಡೆ, ಒಂದೇ ದಿನದ ಬೇಯಿಸುವಿಕೆ ಎಂದೇ ನಾನು ತಿಳಿದಿದ್ದೆ. ಸೋಮವಾರ ಇಬ್ಬರೂ ಮಾರ್ಗದರ್ಶಕರ ಎದುರಿಗೇ ಮಾಡಿದೆವು. ನನ್ನದು ಕ್ಷಣದಲ್ಲಿ ನೇರಳೆಯಾಯಿತು. ಅವನದು ಹಳದಿಯಾಗಿಯೇ ನಿಂತಿತ್ತು.

ಮಾರ್ಗದರ್ಶಕರು ಬಹಳ ಹೊತ್ತು ಎರಡೂ ನಳಿಕೆಗಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗದೆಯೇ, "ನಿನ್ನ ಬಾಟಲಿಯಾಗೆ ಇನ್ನೇನು ಐತೆ?" ಎಂದು ಕೇಳಿದರು.

ಇಷ್ಟು ದಿನ ಪ್ರಬಂಧ ಹೋಗುತ್ತದೆಯೇನೋ ಎನ್ನುವ ಭಯ ಮಾತ್ರ ಇತ್ತು. ಈಗ ನಾನು ಕದ್ದುಮುಚ್ಚಿ ಏನೋ ಬೆರೆಸಿದ್ದೇನೆ ಎಂಬ ಅನುಮಾನವೂ ಸೇರಿಕೊಂಡಿತು. ಏನೂ ಇಲ್ಲ ಸಾರ್ ಎಂದೆ. ಅವರು ಸರಿ ಎಂದರು. ಅವರ ಆ ಸರಿಯಲ್ಲಿ ನನಗೆ ನಂಬಿಕೆ ಕಾಣಲಿಲ್ಲ. ಹೊರಗೆ ಬಂದು ಕಿರಿಯ ಸಂಶೋಧಕನಿಗೆ, ನಾಳೆ ರಜೆ ಹಾಕಿ ನನ್ನ ಜೊತೆ ಬನ್ನಿ, ಇಬ್ಬರೂ ಆಪಾರನ್ನು ಕೇಳೋಣ ಎಂದೆ.

ಮರುದಿನ ಆಪಾ ಅವನನ್ನು ನೋಡಿ ಗುರುತು ಹಿಡಿದರು. ಮೊನ್ನೆ ಬಂದಿದ್ದವನಲ್ಲವೇ, ಚೊಗರಿನಿಂದ ಬಣ್ಣ ಮಾಡುವವರ ಕಡೆಯವನಿರಬೇಕು ಎಂದು ಹಂಡೆಯಿಂದಲೇ ಮೊಗೆದು ಕೊಟ್ಟಿದ್ದೆ ಎಂದರು. ನಮ್ಮವರೇ ಎಂದು ನಾನು ಹೇಳಿದಾಗ ಅವರ ಮುಖ ಸಣ್ಣದಾಯಿತು.

"ನಿಮ್ಮೋರು ಅಂತ ಗೊತ್ತಿದ್ರೆ ಇವ್ರಿಗೂ ಅದ್ರಾಗೇ ಕೊಡ್ತಿದ್ದೆ ಮೇಡಂ" ಎಂದರು.

ಅದರಲ್ಲಿ ಅಂದರೆ ಯಾವುದರಲ್ಲಿ ಎಂದು ಕೇಳಿದೆ. ಅವರು ಒಳಗೆ ಹೋಗಿ ಆ ತಾಮ್ರದ ಕೊಡ ತಂದು, ಬಟ್ಟೆ ಬಿಚ್ಚಿ, ಬೆಳಕಿಗೆ ಬಾಗಿಸಿ ತೋರಿಸಿದರು. ಹೊರಗೆ ತಾಮ್ರ. ಒಳಗೆಲ್ಲ ಬೆಳ್ಳಿಯ ಹಾಗೆ ಫಳಫಳ ಹೊಳೆಯುವ ಕಲಾಯಿ.

ಪಕ್ಕದ ಮನೆಯಲ್ಲೇ ಇದ್ದ ಅವರ ಅಣ್ಣ ಪಾತ್ರೆಗಳಿಗೆ ಕಲಾಯಿ ಹಾಕುವವರು. ನಾನು ಫೋನ್ ಮಾಡಿದಾಗೆಲ್ಲ ಆಪಾ ಆ ಕೊಡಕ್ಕೆ ಹೊಸದಾಗಿ ಕಲಾಯಿ ಹಾಕಿಸಿ, ಚೊಗರು ತುಂಬಿ, ಗಸಿ ಕೆಳಗೆ ಕೂರಲಿ ಎಂದು ರಾತ್ರಿಯಿಡೀ ಇಟ್ಟು, ಮೇಲಿನ ತಿಳಿಯನ್ನು ನನಗೆ ಕೊಡುತ್ತಿದ್ದರಂತೆ. ಆರು ವರ್ಷದಿಂದ, ಒಂದು ಸಲವೂ ತಪ್ಪದೆ.

ಯಾಕೆ ಆಪಾ ಎಂದು ಕೇಳಿದೆ.

"ಕುಡಿಯೋ ನೀರಿನ ಪರೀಕ್ಷೆಗೆ ಅಂದಿದ್ರಲ್ಲ ನೀವು. ನೀರಿಗೆ ಹಾಕಿ ಯಾರಿಗಾದ್ರೂ ಕುಡಿಸ್ತಾರೇನೋ ಅಂದ್ಕಂಡೆ. ಕಲಾಯಿ ಹೋದ ತಾಮ್ರದಾಗೆ ಬಾಯಿಗೆ ಹೋಗೋದನ್ನ ಹೆಂಗೆ ಕೊಡಾಕೆ ಆಗ್ತೈತೆ? ನಮ್ಮನೇಲಿ ಹಂಗೆ ಕೊಡಲ್ಲ ಮೇಡಂ."

ತಪ್ಪು ಅವರದಾಗಿರಲಿಲ್ಲ. ಚೊಗರು ಯಾವುದಕ್ಕೆ ಎಂದು ನಾನು ಆರು ವರ್ಷದಲ್ಲಿ ಒಮ್ಮೆಯೂ ಕೂತು ವಿವರಿಸಿರಲಿಲ್ಲ. ಅಷ್ಟರಲ್ಲಿ ಅವರ ಅಣ್ಣನೂ ಬಂದರು. ತಮ್ಮ ಕೆಲಸದ ಬಗ್ಗೆ ಕಾಲೇಜಿನವರು ಕೇಳುತ್ತಿದ್ದಾರೆಂದು ಅವರಿಗೆ ಖುಷಿ. ಕೆಂಡದ ಮೇಲೆ ಕೊಡ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ಮುಟ್ಟಿಸಿ, ಅರಳೆಯಲ್ಲಿ ಒಳಗೆಲ್ಲ ಸವರುವುದನ್ನು ಕೈಯಲ್ಲಿ ಮಾಡಿ ತೋರಿಸಿದರು.

ತವರ, ನವಸಾಗರ, ಒಗರಾದ ಹುಳಿ ನೀರು, ಒಂದು ರಾತ್ರಿ. ತವರ ಕರಗಿ ಬರಲು ಇನ್ನೇನು ಬೇಕು? ಆ ಕರಗಿದ ತವರ ಚಿನ್ನದ ದ್ರಾವಣಕ್ಕೆ ಬಿದ್ದರೆ ಕ್ಷಣದಲ್ಲಿ ನೇರಳೆ ಬಣ್ಣ ಬರುತ್ತದೆ. ಇದು ಚಿನ್ನವನ್ನು ಪತ್ತೆ ಹಚ್ಚುವ ಹಳೆಯ ಪರೀಕ್ಷೆ. ಇದನ್ನು ಎರಡನೇ ವರ್ಷದ ಬಿ.ಎಸ್ಸಿ. ಮಕ್ಕಳಿಗೆ ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆದು ಪಾಠ ಮಾಡುತ್ತಿದ್ದವಳೂ ನಾನೇ. ಪರೀಕ್ಷೆಯಲ್ಲಿ ಅದನ್ನು ಬರೆಯದವರ ಅಂಕ ಕಳೆದವಳೂ ನಾನೇ.

"ಎಲ್ಲಾ ಹಾಳಾಯ್ತು ಆಪಾ" ಎಂದುಬಿಟ್ಟೆ. ಅಷ್ಟು ಹೇಳಿ, ಚಹಾ ಕೂಡ ಮುಟ್ಟದೆ, ಹೆಲ್ಮೆಟ್ ಹಾಕಿಕೊಂಡು ಹೊರಟೆ. ಕಲಾಯಿಯವರ ಕೈಯಿಂದ ಒಂದು ಚೂರು ತವರ ಕೇಳಿ ತೆಗೆದುಕೊಳ್ಳಲು ಮಾತ್ರ ಮರೆಯಲಿಲ್ಲ.

ಅನುಮಾನಕ್ಕೆ ಎಡೆಯಿರಬಾರದು ಎಂದು ಮೊಂಡು ಚೊಗರನ್ನೇ ಎರಡು ಗಾಜಿನ ಬಾಟಲಿಗಳಲ್ಲಿ ಹಾಕಿಟ್ಟೆ. ಒಂದಕ್ಕೆ ತವರದ ಚೂರು ಹಾಕಿದೆ, ಇನ್ನೊಂದಕ್ಕೆ ಏನೂ ಹಾಕಲಿಲ್ಲ. ಮರುದಿನ ಬೆಳಿಗ್ಗೆ ಚಿನ್ನದ ದ್ರಾವಣಕ್ಕೆ ಬೆರೆಸಿದೆ. ತವರ ಬಿದ್ದದ್ದು ತಕ್ಷಣ ನೇರಳೆಯಾಯಿತು, ಇನ್ನೊಂದು ಹಳದಿಯಾಗಿಯೇ ಉಳಿಯಿತು. ನನ್ನ ಅತಿ ಶೀಘ್ರ ವಿಧಾನದ ಗುಟ್ಟು ಅಷ್ಟೇ.

ಆಮೇಲೆ ಹಳೆಯ ವರದಿಗಳನ್ನು ತೆಗೆದೆ. ಎರಡು ವರ್ಷದ ಹಿಂದೆ ನನ್ನ ಹರಳುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿಸಿದಾಗ, ಅದರಲ್ಲಿ ಯಾವ ಯಾವ ಧಾತುಗಳಿವೆ ಎಂದು ಗೀಟುಗಳಲ್ಲಿ ತೋರಿಸುವ ಚಿತ್ರವನ್ನೂ ಯಂತ್ರ ಕೊಟ್ಟಿತ್ತು. ಚಿನ್ನದ ದೊಡ್ಡ ಗೀಟಿನ ಪಕ್ಕದಲ್ಲಿ ತವರದ ಒಂದು ಸಣ್ಣ ಗೀಟು ಇತ್ತು. ಮಾದರಿ ಇಡುವ ಗಾಜಿಗೆ ತವರದ ಲೇಪವಿರುತ್ತದೆ, ಅದರದೇ ಇರಬೇಕು ಎಂದು ನಾನು ಅದನ್ನು ಚಿತ್ರದಿಂದ ಕತ್ತರಿಸಿ ತೆಗೆದಿದ್ದೆ. ಬಿಳಿಚೋಡಿನ ನೀರಿನ ಪರೀಕ್ಷೆಯೂ ಹಾಗೆಯೇ. ಒಂದೇ ಬಾವಿಯ ನೀರು ಒಂದು ದಿನ ಕೆಂಪು, ಇನ್ನೊಂದು ದಿನ ನೀಲಿ ತೋರಿಸುತ್ತಿತ್ತು. ಹರಳುಗಳ ಮೇಲೆ ಕೂತ ತವರ ಫ್ಲೋರೈಡನ್ನು ತಾನೂ ಹಿಡಿಯುತ್ತಿದ್ದಿರಬೇಕು. ಚೆನ್ನಾಗಿ ಬಂದ ದಿನಗಳನ್ನು ಕೋಷ್ಟಕಕ್ಕೆ ಹಾಕಿ, ಕೆಟ್ಟ ದಿನಗಳಿಗೆ ಹವಾಮಾನದ ನೆಪ ಹೇಳಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ಅನ್ನಿಸಿರಲಿಲ್ಲ. ಈಗ ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ನಾಚಿಕೆಯಾಯಿತು.

ಎರಡು ದಿನ ನಾನು ಯಾರಿಗೂ ಹೇಳಲಿಲ್ಲ. ಇದನ್ನು ಬರೆಯಲೇಬೇಕು. ಸುಮ್ಮನಿದ್ದುಬಿಡುವ ದಾರಿ ನನ್ನ ಮುಂದೆ ಸಲೀಸಾಗಿ ತೆರೆದಿತ್ತು. ಕಿರಿಯ ಸಂಶೋಧಕನಿಗೂ ಒಂದು ಕಲಾಯಿ ಕೊಡದಲ್ಲಿ ಚೊಗರು ಕೊಡಿಸಿದ್ದರೆ ಅವನ ಕೈಯಲ್ಲೂ ನೇರಳೆ ಬರುತ್ತಿತ್ತು, ಮಾರ್ಗದರ್ಶಕರ ಷರತ್ತು ಪೂರೈಸುತ್ತಿತ್ತು, ಸಹಿ ಬೀಳುತ್ತಿತ್ತು. ಅವನು ಬಾಯಿ ಬಿಡುವವನಲ್ಲ. ಮಾರ್ಚ್ ಹತ್ತಿರ ಬರುತ್ತಿತ್ತು. ಇನ್ನೊಂದು ಕಡೆ, ಜನವರಿ ಮುಗಿದರೆ ಅಡಿಕೆ ಬೇಯಿಸುವುದು ನಿಲ್ಲುತ್ತದೆ, ಹೊಸದಾಗಿ ಶುರು ಮಾಡುತ್ತೇನೆಂದರೂ ಚೊಗರು ಸಿಗುವುದಿಲ್ಲ. ಆದರೆ ಬಿಳಿಚೋಡಿನ ನೀರು ನನ್ನನ್ನು ಬಿಡಲಿಲ್ಲ. ಇಂದು ಕೆಂಪು ನಾಳೆ ನೀಲಿ ತೋರಿಸುವ ಪರೀಕ್ಷೆಯನ್ನು ನಂಬಿ ಯಾರೋ ಒಬ್ಬರು ಇದು ಒಳ್ಳೆಯ ನೀರು ಎಂದು ಮಗುವಿಗೆ ಕುಡಿಸುತ್ತಾರೆ. ಮೂರನೆಯ ದಿನ ಮಾರ್ಗದರ್ಶಕರಿಗೆ ಫೋನ್ ಮಾಡಿ ಕೊಡದಿಂದ ಹಿಡಿದು ಕತ್ತರಿಸಿದ ಚಿತ್ರದವರೆಗೆ ಎಲ್ಲವನ್ನೂ ಹೇಳಿದೆ.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಆ ಕಡೆಯಿಂದ ಬಂದದ್ದು ಒಂದು ಉದ್ದನೆಯ ಉಸಿರು. "ನೀನೇ ಏನೋ ಬೆರೆಸಿದ್ದೀಯ ಅಂದ್ಕಂಡು ಸೋಮವಾರದಿಂದ ನನಗೆ ನಿದ್ದೆ ಇಲ್ಲಮ್ಮ" ಎಂದರು. ಆಮೇಲೆ ಮಾಮೂಲಿ ದನಿಗೆ ಬಂದು, ತವರದ್ದನ್ನು ಒಂದು ಅಧ್ಯಾಯವಾಗಿ ಇದ್ದ ಹಾಗೇ ಬರೆ, ಈ ವಿಧಾನದ ಬಗ್ಗೆ ಆಗಲೇ ಪ್ರಕಟವಾಗಿರುವ ನಮ್ಮ ಲೇಖನಕ್ಕೆ ತಿದ್ದುಪಡಿ ಕಳಿಸು, ಬರೀ ಚೊಗರಿನಿಂದ ಹರಳು ಬಂದರೆ ಮಾತ್ರ ಸಹಿ ಎಂದರು. ಬಾರದಿದ್ದರೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬರುತ್ತದೆ ಎನ್ನುವ ನಂಬಿಕೆ ನನಗಿರಲಿಲ್ಲ. ಮೂರು ವಾರ ಊರೂರಿನ ಚೊಗರು ತಂದು ಸೋತಿದ್ದವಳು ನಾನು. ಮರುದಿನ ಪ್ರಯೋಗಾಲಯಕ್ಕೆ ಹೋಗಿ ಕಿರಿಯ ಸಂಶೋಧಕನ ಎದುರು ಕೂತು, ಆವತ್ತು ಫೋನಿನಲ್ಲಿ ಆಡಿದ ಮಾತಿಗೆ ಕೊನೆಗೂ ಕ್ಷಮೆ ಕೇಳಿದೆ.

"ನನ್ನ ಕೈನೇ ಸರಿ ಇಲ್ಲ ಅಂತ ನಾನೂ ನಂಬಿಬಿಟ್ಟಿದ್ದೆ ಮೇಡಂ" ಎಂದ. ಆ ಫೋನಿನ ಮೇಲೆ ಸಂಶೋಧನೆಯನ್ನೇ ಬಿಟ್ಟುಬಿಡೋಣ ಎಂದು ಊರಿಗೆ ಹೊರಟಿದ್ದನಂತೆ ಕೂಡ. ಅದನ್ನು ಕೇಳಿದ ಮೇಲೆ ನನ್ನ ಪ್ರಬಂಧದ ಚಿಂತೆ ಸ್ವಲ್ಪ ಹೊತ್ತು ಮರೆತೇಹೋಯಿತು.

ಆಮೇಲೆ ಅವನು ಎದ್ದು ಕಪಾಟಿನ ಕೆಳಗಿನ ಅರೆಯಿಂದ ನಳಿಕೆಗಳ ಒಂದು ಸ್ಟ್ಯಾಂಡ್ ತೆಗೆದು ಮೇಜಿನ ಮೇಲಿಟ್ಟ. ಮೊದಲ ದಿನದಿಂದ ಅವನು ಮಾಡಿ ಸೋತಿದ್ದ ನಳಿಕೆಗಳೆಲ್ಲ ಅದರಲ್ಲಿದ್ದವು. ನಾನಾಗಿದ್ದರೆ ಅರ್ಧ ಗಂಟೆಗೇ ಚೆಲ್ಲುತ್ತಿದ್ದೆ, ಚೆಲ್ಲಿದ್ದೆ ಕೂಡ. ಅವನಿಗೆ ಚೆಲ್ಲಲು ಮನಸ್ಸಾಗಿರಲಿಲ್ಲ. ನ್ಯಾಮತಿಯಲ್ಲಿ ಅವರ ಮನೆ ಇರುವುದು ಅಕ್ಕಸಾಲಿಗರ ಬೀದಿಯಲ್ಲಂತೆ. ಅಲ್ಲಿ ಅಂಗಡಿ ಗುಡಿಸಿದ ಕಸವನ್ನೂ ಜರಡಿ ಹಿಡಿಯದೆ ಹೊರಗೆ ಹಾಕುವುದಿಲ್ಲ.

"ಎಷ್ಟಂದ್ರೂ ಚಿನ್ನ ಅಲ್ವಾ ಮೇಡಂ, ಚೆಲ್ಲಾಕೆ ಕೈ ಬರ್ಲಿಲ್ಲ" ಎಂದ.

ಒಂದೊಂದಾಗಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಹೆಚ್ಚಿನವು ಕಂದು ರಾಡಿ. ಆದರೆ ಚೊಗರಿಗೆ ನೀರು ಜಾಸ್ತಿಯಾಯಿತು ಎಂದು ಅವನೇ ಗುರುತು ಹಾಕಿದ್ದ ಎರಡು ನಳಿಕೆಗಳಲ್ಲಿ ಮೇಲಿನ ನೀರು ದಾಸವಾಳದ ಕೆಂಪಾಗಿತ್ತು. ಅಲುಗಿಸಿದರೆ ತಳದಿಂದ ಏನೋ ಮಿರಮಿರ ಹೊಳೆಯುತ್ತಾ ಎದ್ದು ಸುತ್ತಿ ಮತ್ತೆ ಕೆಳಗೆ ಕೂರುತ್ತಿತ್ತು. ಒಂದು ಹನಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ತೆಳ್ಳಗಿನ ಹಾಳೆಗಳಂಥ ಚಿನ್ನದ ಹರಳುಗಳು, ಕೆಲವು ಮೂರು ಮೂಲೆಯವು, ಕೆಲವು ಆರು ಮೂಲೆಯವು, ಅಂಚು ಕತ್ತರಿಸಿಟ್ಟಷ್ಟು ನೇರ. ಆರು ವರ್ಷದಲ್ಲಿ ನನ್ನ ನೇರಳೆ ನೀರಿನಲ್ಲಿ ಇಂಥದ್ದೊಂದನ್ನೂ ನಾನು ಕಂಡಿರಲಿಲ್ಲ. ನನ್ನದೆಲ್ಲ ಬರೀ ಗುಂಡಗಿನ ಪುಡಿ. ಅವನ ಭುಜ ಹಿಡಿದು ಅಲುಗಿಸಿಬಿಟ್ಟೆ, ಅವನು ಗಾಬರಿಯಾದ.

ನಾವು ಮಾಡುತ್ತಿದ್ದ ತಪ್ಪು ಎರಡು. ನನ್ನ ವಿಧಾನದಲ್ಲಿ ಬರೆದಿದ್ದ ಚೊಗರು ತೀರಾ ಗಟ್ಟಿ, ನನ್ನ ಕಾಯುವಿಕೆ ತೀರಾ ಕಡಿಮೆ. ಜನವರಿಯಲ್ಲಿ ಕಣಗಳು ಮುಚ್ಚುವ ಮೊದಲು ಅವನು ನ್ಯಾಮತಿಯಿಂದಲೂ ಕೆರೆಬಿಳಚಿಯ ಇನ್ನೊಂದು ಕಣದಿಂದಲೂ ಕಡೆಯ ಚೊಗರು ತಂದ, ಹಂಡೆಯಿಂದ ನೇರವಾಗಿ ಗಾಜಿಗೆ. ಫೆಬ್ರವರಿ ಪೂರ್ತಿ ನಾವಿಬ್ಬರೂ ನೀರು ಹೆಚ್ಚಿಸುತ್ತಾ, ಬಿಸಿ ಬದಲಾಯಿಸುತ್ತಾ ಕೂತೆವು. ಕುದಿಸಿದರೆ ಕಂದು ರಾಡಿಯಾಗುತ್ತಿತ್ತು, ತಣ್ಣಗಿಟ್ಟರೆ ದಿನವೆಲ್ಲ ಅಲುಗುತ್ತಿರಲಿಲ್ಲ. ಸ್ನಾನದ ನೀರಿನ ಬಿಸಿಯಲ್ಲಿ, ತಿಳಿ ಚಹಾದಷ್ಟು ತೆಳು ಚೊಗರಿನಲ್ಲಿ, ಮೂರು ಗಂಟೆ ಮುಟ್ಟದೆ ಇಟ್ಟಾಗ ಬಂತು. ಹಳದಿ ಮೊದಲು ಪೂರ್ತಿ ಕಳೆದು ಬರೀ ನೀರಿನಂತಾಗುತ್ತದೆ, ಎಲ್ಲ ಕೆಟ್ಟಿತು ಎನ್ನಿಸುವುದು ಆಗಲೇ. ಆಮೇಲೆ ತಿಳಿ ಗುಲಾಬಿ, ಆಮೇಲೆ ಕೆಂಪು. ಮುಟ್ಟದೆ ಇರುವುದು ನನಗೆ ಎಷ್ಟು ಕಷ್ಟವಾಗುತ್ತಿತ್ತೆಂದರೆ, ಅವನು ಮೆಲ್ಲಗೆ, ಮೇಡಂ ನೀವು ಕ್ಯಾಂಟೀನಿಗೆ ಹೋಗಿ ಬನ್ನಿ ಎನ್ನುತ್ತಿದ್ದ.

ಬಿಳಿಚೋಡಿನಿಂದ ಹೊಸದಾಗಿ ನೀರು ತರಿಸಿದೆ. ಮೇಲಿನ ಕೆಂಪು ನೀರಿನಿಂದ ಪರೀಕ್ಷೆ ಮಾಡಿದೆವು. ಬೋರ್‌ವೆಲ್ ನೀರಿಗೆ ಕೆಂಪು ಉಳಿಯಿತು, ಫ್ಲೋರೈಡ್ ಇಲ್ಲದ ಮಳೆ ನೀರಿಗೆ ನೀಲಿಯಾಯಿತು. ಮರುದಿನವೂ ಹಾಗೇ. ಒಂದು ವಾರ ಬಿಟ್ಟು ಮಾಡಿದರೂ ಹಾಗೇ. ತಳದ ಹಾಳೆ ಹರಳುಗಳು ಹಳದಿ ವಿಷವಸ್ತುವಿನ ಬಣ್ಣ ತೆಗೆಯಲು ನನ್ನ ಹಳೆಯ ಪುಡಿಗಿಂತ ನಿಧಾನ. ಆದರೆ ಅವನ್ನು ಸೋಸಿ ತೊಳೆದು ಮತ್ತೆ ಮತ್ತೆ ಬಳಸಬಹುದಿತ್ತು, ಪುಡಿಯನ್ನು ಹಾಗೆ ಬಳಸಲಾಗುತ್ತಿರಲಿಲ್ಲ. ಕರಡಿನಿಂದ ಅತಿ ಶೀಘ್ರ ಎನ್ನುವ ಪದವನ್ನು ಹುಡುಕಿ ಹುಡುಕಿ ಹೊಡೆದುಹಾಕಿದೆ. ಎಷ್ಟು ಕಡೆ ಬರೆದುಕೊಂಡಿದ್ದೆನೋ, ಮುಗಿಯುತ್ತಲೇ ಇರಲಿಲ್ಲ.

ಮಾರ್ಚ್ ಮೂರನೆಯ ವಾರ ಮಾರ್ಗದರ್ಶಕರು ದಿನ ಗೊತ್ತು ಮಾಡಿದರು. ಅವತ್ತು ಕಿರಿಯ ಸಂಶೋಧಕನೂ ಮಾಡಬಾರದು ಎಂದುಬಿಟ್ಟರು, ಅವನೂ ಈಗ ನನ್ನ ಕಡೆಯವನಾಗಿದ್ದಾನೆ ಎನ್ನುವುದು ಅವರ ವಾದ. ಪಕ್ಕದ ವಿಭಾಗದಿಂದ, ಚಿನ್ನದ ಹರಳಿನ ಕೆಲಸವನ್ನೇ ಮಾಡಿರದ ಒಬ್ಬ ಸಂಶೋಧಕಿಯನ್ನು ಕರೆಸಿ ಬರೆದ ವಿಧಾನದ ಎರಡು ಹಾಳೆ ಅವಳ ಕೈಗೆ ಕೊಟ್ಟರು. ನಮ್ಮಿಬ್ಬರನ್ನು ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂರಿಸಿದರು. ಮಾತಾಡುವ ಹಾಗಿಲ್ಲ. ಅವಳು ಹಾಳೆ ಓದಿ ಓದಿ ಒಂದೊಂದೇ ಮಾಡಿದಳು. ಹಳದಿ ಕಳೆದು ನೀರಿನಂತಾದಾಗ ಅವಳು ತಿರುಗಿ ನಮ್ಮ ಮುಖ ನೋಡಿದಳು, ನಾನು ಕಣ್ಣು ಮುಚ್ಚಿಕೊಂಡೆ. ಎರಡೂವರೆ ಗಂಟೆಯಾದ ಮೇಲೆ ನನ್ನ ಪಕ್ಕದಲ್ಲಿದ್ದವನು ಮೊಣಕೈಯಿಂದ ತಿವಿದ. ಕಣ್ಣು ಬಿಟ್ಟೆ. ನಳಿಕೆ ಗುಲಾಬಿಯಾಗಿತ್ತು, ನೋಡುತ್ತಾ ಕೂತ ಹಾಗೆಯೇ ಕೆಂಪಾಯಿತು. ಮಾರ್ಗದರ್ಶಕರು ತಾವೇ ಬಿಳಿಚೋಡಿನ ನೀರನ್ನೂ ಮಳೆ ನೀರನ್ನೂ ಹಾಕಿ ನೋಡಿದರು. ಮೊದಲನೆಯದು ಕೆಂಪಾಗಿಯೇ ಉಳಿಯಿತು, ಎರಡನೆಯದು ನೀಲಿಯಾಯಿತು. ಅವರು ಜೇಬಿನಿಂದ ಪೆನ್ನು ತೆಗೆದು, ನಿಂತುಕೊಂಡೇ, ಪ್ರಬಂಧದ ಮೊದಲ ಹಾಳೆಗೆ ಸಹಿ ಹಾಕಿದರು.

ಹೊರಗೆ ಬಂದೆ. ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿಕೊಂಡು ಹೋದಂತಿತ್ತು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಫೋನ್ ತೆಗೆದು ಮನೆಗೆ ಹೇಳಿದೆ, ಅಮ್ಮನಿಗೆ ಹೇಳಿದೆ, ಕಾಲೇಜಿಗೆ ಹೇಳಿದೆ. ಕಡೆಯಲ್ಲಿ ಆಪಾರ ಹೆಸರು ಕಣ್ಣಿಗೆ ಬಿತ್ತು. ಎಲ್ಲಾ ಹಾಳಾಯ್ತು ಎಂದು ಅವರ ಅಂಗಳದಲ್ಲಿ ಹೇಳಿ ಹೊರಟವಳು ಆಮೇಲೆ ಒಂದು ಸಲವೂ ಫೋನ್ ಮಾಡಿಲ್ಲ ಎನ್ನುವುದು ನನಗೆ ಹೊಳೆದದ್ದು ಆಗ. ಮೂರು ತಿಂಗಳಾಗಿತ್ತು.

ಮೊದಲ ರಿಂಗಿಗೇ ಎತ್ತಿದರು. ಏನೂ ಹಾಳಾಗಿಲ್ಲ ಆಪಾ, ಇವತ್ತು ಸಹಿ ಆಯ್ತು, ಚೊಗರು ಚೆನ್ನಾಗೇ ಇತ್ತು, ನಿಮ್ಮದೇನೂ ತಪ್ಪಿರಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಆ ಕಡೆ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

"ನನ್ನಿಂದ ಒಂದು ಹೆಣ್ಮಗಳ ಓದು ಹಾಳಾತು ಅಂತ ಅವತ್ತಿಂದ ಕೊರಗ್ತಾ ಇದ್ದೆ ಮೇಡಂ" ಎಂದರು ಆಪಾ. "ಅಣ್ಣ ಅವತ್ತಿಂದ ಒಂದು ಪಾತ್ರೆಗೂ ಕಲಾಯಿ ಹಾಕಿಲ್ಲ. ತಡೀರಿ, ಮೊದ್ಲು ಅವನಿಗೆ ಹೇಳಿ ಬರ್ತೀನಿ."

ಅವರು ಫೋನ್ ಕೆಳಗಿಡದೆಯೇ ಹೊರಗೆ ಓಡಿದರು. ಅಂಗಳ ದಾಟಿ ಅಣ್ಣನನ್ನು ಕೂಗುವುದು ನನಗೆ ಕೇಳಿಸುತ್ತಿತ್ತು. ಚನ್ನಗಿರಿಯ ಬಸ್ಸು ಬಂದು ನಿಂತಿತು. ನಾನು ಹತ್ತಲಿಲ್ಲ, ಅವರು ವಾಪಸ್ ಬರುವವರೆಗೆ ಫೋನ್ ಕಿವಿಗಿಟ್ಟುಕೊಂಡೇ ಕೂತಿದ್ದೆ.